ರಂಗೋಲಿ ತುಳಿಯದ ಅಪ್ಪ

ಇವತ್ತು ಬೆಳಿಗ್ಗೆ ಮಕರಪುರದ ಕಾರ್ಖಾನೆಗೆ ಹೊರಟವಳು ಪಕ್ಕದ ಮನೆಯ ಬಾಗಿಲಲ್ಲಿ ರಂಗೋಲಿ ಕಂಡು, ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಟ್ಟೆ. ನೀರು ಚಿಮುಕಿಸಿದ ನೆಲ ಇನ್ನೂ ಆರಿರಲಿಲ್ಲ. ನಗು ಬಂತು. ಕಾರಣ ನಮ್ಮಪ್ಪ, ಸ್ವಲ್ಪ ಕೇಳಿ, ಬಸ್ಸು ಹೇಗೂ ತಡ.

ಅವ್ವ ಹೋದ ಮೇಲೆ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಅಪ್ಪ, ವಡೋದರಾದಲ್ಲಿ ನಾನು. ಫೋನಿನಲ್ಲಿ "ಊಟ ಆತೇನು?", "ಆತು". ಅಲ್ಲಿಗೆ ಮುಗಿಯಿತು. ಕಡೆಗೆ ನಾನಾಡುತ್ತಿದ್ದ ಆನ್‌ಲೈನ್ ಆಟಕ್ಕೆ ಅಪ್ಪನನ್ನೂ ಎಳೆದುಕೊಂಡೆ. ಭಾನುವಾರ ಸಂಜೆ ನಾವಿಬ್ಬರು, ಜೊತೆಗೆ ಸೂರತ್ತಿನ ಉಧ್ನಾದಿಂದ ಆಟದಲ್ಲೇ ಪರಿಚಯವಾದ ಜಿಗ್ನೇಶ್, ಕಿವಿಗೆ ಹೆಡ್‌ಫೋನು ಹಚ್ಚಿ, ಸೇರಿ ರಾಕ್ಷಸನನ್ನು ಹೊಡೆಯುವುದು. ಅಪ್ಪ ಮಾತಾಡತೊಡಗಿದ.

ಆದರೆ ಅಪ್ಪನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಒಳಗಿದ್ದವರನ್ನು ಸುಡುವ ಕೆಂಪು ವರ್ತುಲವನ್ನು ರಾಕ್ಷಸ ಹುಲ್ಲಿನ ಮೇಲೆ ಬಿಟ್ಟರೆ ನಾವು ಓಡುತ್ತಿದ್ದೆವು, ಅಪ್ಪ ನಟ್ಟನಡುವೆ ನಿಂತು ಸಾಯುತ್ತಿದ್ದ. ಅದಕ್ಕೇ ಒಂದು ಆಡ್-ಆನ್ ಬರೆದೆ. ಆಟಗಾರರೇ ಬರೆದು ಆಟದ ಪರದೆಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮು. ಕೆಂಪು ವರ್ತುಲದ ಜಾಗದಲ್ಲಿ ಅವ್ವ ಹಾಕುತ್ತಿದ್ದ ಎಂಟೆಳೆಯ ಬಿಳಿ ರಂಗೋಲಿ. ಅಪ್ಪ ಟಣ್ಣನೆ ಹಾರಿ ತಪ್ಪಿಸಿಕೊಂಡ! ಆ ಹುಮ್ಮಸ್ಸಿನಲ್ಲಿ ಜಾಣೆಯಾದ ನಾನು, ಗಾಯ ಮಾಯಿಸುವ ವರ್ತುಲಕ್ಕೂ ನೀಲಿ ರಂಗೋಲಿ ಬಿಡಿಸಿದೆ.

"ಅಪ್ಪಾ, ಆ ನೀಲಿದರೊಳಗ ನಿಂದ್ರಪಾ!"

"ರಂಗೋಲಿ ತುಳೀತಾರೇನವ್ವಾ? ನಿಮ್ಮವ್ವ ಬೈತಿದ್ಲು," ಎಂದು ಹೊರಗೇ ನಿಂತು ಸತ್ತ.

ಅಷ್ಟರಲ್ಲಿ ಆಟದ ಕಂಪನಿಯವರು ಆಡ್-ಆನ್‌ಗಳನ್ನೆಲ್ಲ ಬಂದ್ ಮಾಡಿದರು. ಜಿಗ್ನೇಶ್ ಹಿಂದಿಯಲ್ಲಿ ವಾದಿಸಿದ: ಒಳ್ಳೆಯದೇ ಆಯಿತು, ಕೆಲವರು ಅದನ್ನಿಟ್ಟುಕೊಂಡೇ ಗೆಲ್ಲುತ್ತಾರೆ, ಎಲ್ಲರ ಪರದೆಯೂ ಒಂದೇ ಇರಬೇಕು. ಪರದೆ ಒಂದೇ ಇರಲಿ, ಎಲ್ಲರ ಕಣ್ಣೂ ಒಂದೇ ಇರುತ್ತದೇನು ಎಂದು ನಾನು ಜಗಳಕ್ಕೇ ನಿಂತೆ. ಅವನ ಮಾತಿನಲ್ಲೂ ನ್ಯಾಯವಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

"ಬಿಡವ್ವಾ, ನೀವಿಬ್ರೂ ಆಡ್ರಿ. ನಾ ಕೇಳ್ಕೋತ ಕೂಡ್ತೀನಿ," ಎಂದ ಅಪ್ಪ. ಮತ್ತೆ "ಊಟ ಆತೇನು"ಗೇ ಬಂದೆವಲ್ಲ!

ಮುಂದಿನ ಭಾನುವಾರ ಕಾಡಿ ಬೇಡಿ ಅಪ್ಪನನ್ನು ಕೂರಿಸಿದೆ. ರಾಕ್ಷಸ ಕೈಯೆತ್ತಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಉಧ್ನಾದಿಂದ ಕೂಗು: "ಕಾಕಾ, ರಂಗೋಲಿ!" ಅಪ್ಪ ಹಾರಿದ. ತಾನು ಸತ್ತ ಮೇಲೂ ಜಿಗ್ನೇಶ್ ಕೂಗುತ್ತಲೇ ಇದ್ದ. ಅಂದಿನಿಂದ ಹೀಗೇ ನಡೆದಿದೆ. ಆಡ್-ಆನ್ ವಿಷಯಕ್ಕೆ ನಾವಿಬ್ಬರೂ ಈಗಲೂ ಕಿತ್ತಾಡುತ್ತೇವೆ.

ಪಕ್ಕದ ಮನೆಯ ರಂಗೋಲಿಯನ್ನು ಸುತ್ತಿ ಹೋಗಿ, ಮೆಟ್ಟಿಲ ಮೇಲಿಂದಲೇ ಅಪ್ಪನಿಗೆ ಫೋನು ಹಚ್ಚಿದೆ.

"ನಾಷ್ಟಾ ಆತೇನಪಾ?"

"ಅದಿರಲಿ. ಭಾನುವಾರ ಆ ಹುಡುಗನ್ನ ಊಟಕ್ಕ ಕರದೀನಿ. ನೀನೂ ಬಾ. ರಂಗೋಲಿ ಪುಡಿ ತಂದಿಟ್ಟೀನಿ, ಬಾಗಿಲಿಗೆ ಹಾಕೀಯಂತ."

ಅವ್ವ ಹೋದ ಮೇಲೆ ಆ ಬಾಗಿಲಿಗೆ ಯಾರೂ ರಂಗೋಲಿ ಹಾಕಿರಲಿಲ್ಲ.