ಮಧ್ಯಸ್ಥರ ಮನೆಯ ಬೆಕ್ಕುಗಳು

ಜಗಳದ ಸದ್ದು ಕಿವಿಗೆ ಬಿದ್ದರೆ ಬಸವಣ್ಣಪ್ಪನವರು ಊಟದ ಮಧ್ಯದಲ್ಲೇ ಎದ್ದುಬಿಡುತ್ತಿದ್ದರು. ಕೈ ತೊಳೆಯುವಷ್ಟೂ ತಾಳ್ಮೆ ಇರುತ್ತಿರಲಿಲ್ಲ. ಎಂಜಲು ಕೈ ಮೇಲೆತ್ತಿಕೊಂಡು, ಸೊಂಟದ ಬೀಗದಕೈ ಗೊಂಚಲು ಝಣಝಣ ಎನ್ನಿಸುತ್ತ ಅವರು ಓಡುವುದನ್ನು ಕಂಡರೆ, ಎಲ್ಲೋ ಇಬ್ಬರು ಕಿತ್ತಾಡುತ್ತಿದ್ದಾರೆಂದು ಹೊಳೆನರಸೀಪುರದ ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಅವರದು ಬೆಲ್ಲದ ಮಂಡಿ. ಐವತ್ತರ ದಶಕದ ಕೊನೆಗೆ ನಾನು ಆ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದವನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ವ್ಯಾಪಾರ ಅವರ ಹೊಟ್ಟೆಪಾಡು, ಮಧ್ಯಸ್ಥಿಕೆ ಅವರ ಪ್ರಾಣ. ಯಾರೂ ಕರೆಯಬೇಕಾಗಿರಲಿಲ್ಲ. "ಮಧ್ಯಕ್ಕೊಬ್ಬ ಮನ್ಸ ಇರ್ಬೇಕು ಕಣ್ರೀ ಮೇಷ್ಟ್ರೇ. ಇಲ್ದಿದ್ರೆ ಈ ಜನ ಒಬ್ಬರನ್ನೊಬ್ರು ತಿಂದಾಕ್ಬುಡ್ತಾರೆ" ಎನ್ನುತ್ತಿದ್ದರು. ಒಮ್ಮೆ ಎದುರುಮನೆಯ ವಾರಗಿತ್ತಿಯರು ಒಂದು ಒನಕೆಗಾಗಿ ಮಾತಿಗೆ ಮಾತು ಬೆಳೆಸಿದ್ದರು. ಒಲೆಯ ಮೇಲಿನ ಸಾರು ಉಕ್ಕಿದ್ದರೆ ಇಬ್ಬರೂ ಒಳಗೆ ಓಡಿ, ಅಲ್ಲಿಗೆ ಅದು ಮುಗಿಯುತ್ತಿತ್ತೋ ಏನೋ. ಇವರು ಹೋಗಿ ಜಗಲಿಯ ಮೇಲೆ ಕೂತು, "ಎಲ್ಲಾನೂ ಮೊದ್ಲಿಂದ ಬರ್ಲಿ ಕಣ್ರವ್ವಾ" ಎಂದರು. ಮೊದಲಿನಿಂದ ಅಂದರೆ ಮಾತು ಮದುವೆಯ ಚಪ್ಪರದವರೆಗೂ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಗಂಡಂದಿರೂ ಸೇರಿಕೊಂಡಿದ್ದರು. ಬಸವಣ್ಣಪ್ಪನವರು ಮನೆಗೆ ಬಂದು "ಸದ್ಯ, ನಾನಿದ್ದೆ" ಎಂದು ಒಂದು ಚೊಂಬು ನೀರು ಕುಡಿದರು.

ಆ ಮನೆಯಲ್ಲಿ ಎರಡು ಗಂಡು ಬೆಕ್ಕುಗಳಿದ್ದವು. ಹೆಸರು ಅಣ್ಣಯ್ಯ, ತಮ್ಮಯ್ಯ. ಒಂದೇ ಸಲ ಹುಟ್ಟಿದ ಮರಿಗಳು. ಹುಟ್ಟಿನಿಂದಲೇ ಎರಡಕ್ಕೂ ನರದ ದೋಷ. ನೆಟ್ಟಗೆ ನಡೆಯಲು ಹೋದರೆ ತೂರಾಡಿ ಪಕ್ಕಕ್ಕೆ ವಾಲುತ್ತಿದ್ದವು. ಹಾಗಾಗಿ ಒಂದಕ್ಕೊಂದು ಭುಜ ಕೊಟ್ಟು ನಡೆಯುವುದನ್ನು ಕಲಿತಿದ್ದವು. ಮಲಗುತ್ತಿದ್ದದ್ದೂ ಒಂದೇ ಗೋಣಿಚೀಲದ ಮೇಲೆ. ಮಂಡಿಯ ಇಲಿಗಳು ಅವುಗಳಿಗೆ ದಾರಿ ಬಿಡುತ್ತಿದ್ದದ್ದು ಭಯದಿಂದಲ್ಲ, ಕನಿಕರದಿಂದ ಎಂದು ನನಗೆ ಈಗಲೂ ಗುಮಾನಿ. ಬಸವಣ್ಣಪ್ಪನವರು ಮಾತ್ರ ಜಗಳವಾಡಿ ಬಂದವರಿಗೆಲ್ಲ ಅವನ್ನು ತೋರಿಸಿ, "ನೋಡ್ ಕಲ್ತ್ಕಳಿ" ಎನ್ನುತ್ತಿದ್ದರು.

ಹೀಗಿರುವಾಗ ತಮ್ಮಯ್ಯನಿಗೆ ಮೂರ್ಛೆ ಬರತೊಡಗಿತು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆಯ ರೂಢಿ. ಬೆಕ್ಕಿಗೂ ಅದೇ ಔಷಧ. ಅವನು ಉರುಳಿಬಿದ್ದು ಕಾಲು ಒದರಿದ ಕೂಡಲೇ ಬಸವಣ್ಣಪ್ಪನವರು ಸೊಂಟದ ಗೊಂಚಲು ಕಿತ್ತುಕೊಂಡು ಓಡಿ, ಅವನ ಪಂಜಗಳ ನಡುವೆ ಹಿಡಿದರು. ಆ ಕಾಲುಗಳ ನಡುಕಕ್ಕೆ ಬೀಗದಕೈಗಳೆಲ್ಲ ಸದ್ದು ಮಾಡಿದವು. ಮರುಕ್ಷಣ ಅಣ್ಣಯ್ಯ ಎಲ್ಲಿಂದಲೋ ತೂರಾಡುತ್ತಲೇ ನುಗ್ಗಿಬಂದು ತಮ್ಮನ ಕುತ್ತಿಗೆಗೆ ಬಾಯಿ ಹಾಕಿದ. ಕೂದಲು ಹಾರಿತು, ರಕ್ತ ಬಂತು.

ಬಸವಣ್ಣಪ್ಪನವರಿಗೆ ಆಕಾಶವೇ ಕಳಚಿಬಿದ್ದಂತಾಯಿತು. ಇಬ್ಬರನ್ನೂ ಎದುರುಬದುರು ಕೂರಿಸಿ ಬುದ್ಧಿ ಹೇಳಿದರು. ಒಂದೇ ಬಟ್ಟಲಿನಲ್ಲಿ ಹಾಲಿಟ್ಟರು. ಇಬ್ಬರೂ ಕುಡಿದು, ಒತ್ತಿಕೊಂಡು ಮಲಗಿದರು. "ರಾಜಿ ಆಯ್ತು" ಎಂದು ಇವರು ಬೀಗಿದರು. ಮುಂದಿನ ಮೂರ್ಛೆಗೆ ಮತ್ತೆ ಅದೇ ರಾದ್ಧಾಂತ. ತಮ್ಮಯ್ಯನ ಒಂದು ಕಿವಿಯ ತುದಿ ಹೋಯಿತು.

ಅವರ ಹೆಂಡತಿ ಗಂಗಮ್ಮನವರು ಕಡಿಮೆ ಮಾತಿನವರು. "ಇನ್ನೊಂದ್ ಕಿತಾ ರಕ್ತ ಬಂದ್ರೆ ಅಣ್ಣಯ್ಯನ್ನ ಚೀಲಕ್ಕಾಕಿ ಬಾಗೂರು ಸಂತೇಲಿ ಬುಟ್ಬನ್ನಿ" ಎಂದರು. ನೆಟ್ಟಗೆ ನಿಲ್ಲಲಾರದ ಬೆಕ್ಕು ಸಂತೆಯ ನಾಯಿಗಳ ನಡುವೆ ಸಂಜೆಯವರೆಗೂ ಬದುಕುವುದಿಲ್ಲ ಎಂದು ಆಕೆಗೂ ಗೊತ್ತಿತ್ತು. ಬಸವಣ್ಣಪ್ಪನವರು ಆ ದಿನ ಊಟ ಬಿಟ್ಟರು.

ಅಷ್ಟರಲ್ಲಿ ಅರಕಲಗೂಡಿನಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳವೊಂದು ಎದ್ದಿತು. ಮನೆಯ ಸಂಕಟವನ್ನು ಮನೆಯಲ್ಲೇ ಬಿಟ್ಟು ಇವರು ಬಸ್ಸು ಹತ್ತಿದರು. ಅವತ್ತೇ ತಮ್ಮಯ್ಯ ನಡುಮನೆಯಲ್ಲಿ ಉರುಳಿಬಿದ್ದ. ಗೊಂಚಲು ಯಜಮಾನರ ಸೊಂಟದಲ್ಲಿ ಅರಕಲಗೂಡಿಗೆ ಹೋಗಿತ್ತು. ಗಂಗಮ್ಮನವರು ಸೆರಗು ಬಾಯಿಗೊತ್ತಿ ನಿಂತರು; ನನಗೂ ಏನೂ ತೋಚಲಿಲ್ಲ. ಅಣ್ಣಯ್ಯ ತೂರಾಡುತ್ತ ಬಂದ, ಮೂಸಿದ, ಸ್ವಲ್ಪ ದೂರದಲ್ಲಿ ಕೂತ. ತಮ್ಮ ತಡವರಿಸಿ ಏಳುವಾಗ ಹೋಗಿ ಭುಜ ಕೊಟ್ಟ. ಇಷ್ಟೇ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಮರುದಿನ ಯಜಮಾನರು ಅರಕಲಗೂಡಿನ ಗೆಲುವಿನ ಕಥೆ ಹೇಳುತ್ತ ಒಳಗೆ ಬಂದರು. ಆ ಸಂಜೆಯೇ ತಮ್ಮಯ್ಯ ಮತ್ತೆ ಬಿದ್ದ. ಇವರ ಕೈ ಸೊಂಟಕ್ಕೆ ಹೋಯಿತು. ಗಂಗಮ್ಮನವರು ಅಡ್ಡ ನಿಂತರು.

"ಏನೂಂದ್ರೆ, ಕೂತ್ಕಳಿ."

"ಬುಡೇ, ಕಬ್ಣ ಕೊಡ್ಬೇಕು!"

"ಅದ್ರ ಸದ್ದಿಗೇ ಅಣ್ಣಯ್ಯ ಎದ್ರಿ ಮೇಲ್ ಬೀಳೋದು. ನೀವು ಮಧ್ಯಕ್ ಓಗ್ಬೇಡಿ. ನೀವ್ ಓಗ್ದಿದ್ರೆ ಜಗಳ್ವೇ ಇಲ್ಲ."

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಈ ಮಾತು ಹೇಳಲು ಎಷ್ಟು ದಿನದಿಂದ ಕಾದಿದ್ದರೋ. ಬಸವಣ್ಣಪ್ಪನವರು ಕೂತರು. ಗೊಂಚಲು ಸದ್ದು ಮಾಡದಂತೆ ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡರು. ತಮ್ಮಯ್ಯನ ಕಾಲು ಒದರುವುದು ನಿಲ್ಲುವವರೆಗೆ ಅವರ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಅಣ್ಣಯ್ಯ ಬಂದು, ಮೂಸಿ, ಕೂತ. ಅವರನ್ನು ನೋಡಿ ಅಲ್ಲಿಯವರೆಗೆ ನಕ್ಕಿದ್ದೇ ಹೆಚ್ಚು; ಅವತ್ತು ನನಗೂ ಅಳು ಬಂತು.

ಈ ಪಾಠ ಬೆಕ್ಕುಗಳಿಗೆ ಮಾತ್ರ ಎಂದು ಅವರು ತಿಳಿದಂತಿತ್ತು. ಬೀದಿಯ ಜಗಳಗಳಿಗೆ ಹಿಂದಿನಂತೆಯೇ ಓಡುತ್ತಿದ್ದರು. ನನಗೆ ಹಾಸನಕ್ಕೆ ವರ್ಗವಾಯಿತು. ಅರವತ್ತರ ದಶಕದಲ್ಲಿ ಯಾವುದೋ ಮದುವೆಗೆ ಹೊಳೆನರಸೀಪುರಕ್ಕೆ ಬಂದಾಗ ಮನೆಗೆ ಹೋದೆ. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ. ಅಣ್ಣಯ್ಯ ಜಗಲಿಯ ಗೋಡೆಗೆ ಒರಗಿಕೊಂಡು ಒಬ್ಬನೇ ನಡೆಯುತ್ತಿದ್ದ.

"ತಮ್ಮಯ್ಯ ಓಗ್ಬುಟ್ಟ ಮೇಷ್ಟ್ರೇ," ಎಂದರು ಬಸವಣ್ಣಪ್ಪನವರು. "ಬಿದ್ದ. ನಾನು ಏಳ್ನಿಲ್ಲ. ಈಗ ನಿಲ್ತದೆ, ಈಗ ನಿಲ್ತದೆ ಅಂತ ಕೂತೇ ಇದ್ದೆ. ಅಣ್ಣಯ್ಯ ಪಕ್ದಲ್ಲೇ ಇದ್ದ. ಒದ್ರೋದು ನಿಲ್ತು. ಅವ್ನು ಮಾತ್ರ ಏಳ್ನೇ ಇಲ್ಲ."

ಆಮೇಲೆ ದನಿ ತಗ್ಗಿಸಿ ಕೇಳಿದರು:

"ನಾನ್ ಓಗ್ಬೇಕಾಗಿತ್ತಾ ಮೇಷ್ಟ್ರೇ?"

ಯಾರೂ ಕೇಳದೆಯೇ ಊರಿಗೆಲ್ಲ ತೀರ್ಪು ಕೊಟ್ಟ ಮನುಷ್ಯ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.