ಕಾಮನಿಗೆ ಹೋಗಬೇಕಿದ್ದ ಕುರ್ಚಿ

ಹೋಳಿ ಹುಣ್ಣಿಮೆಯ ಸಂಜೆ ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ವಿಧವೆಯಾದ ತಂಗಿಯ ಮನೆಯಲ್ಲಿದ್ದೆ. ಓಣಿಯ ಆಟೋ ಚಾಲಕನೊಬ್ಬ ಜಗಲಿಯ ಮೇಲಿದ್ದ ಮುರುಕು ಕುರ್ಚಿಯನ್ನು ಎತ್ತಿಕೊಂಡು ಹೊರಟಿದ್ದ. ಕಳ್ಳತನ ಹಬ್ಬವಾಗದು ಎಂದು ಗದರಿ, ಪೊಲೀಸರ ಹೆಸರು ಹೇಳಿ, ಅದನ್ನು ಕೆಳಗಿಡಿಸಿದೆ.

"ತಪ್ಪಾತ್ರೀ ಯಜಮಾನ್ರ," ಎಂದು ಅವನು ತಲೆ ತಗ್ಗಿಸಿ ಹೋದ.

ತಂಗಿ ಒಳಗಿನಿಂದ ಓಡಿಬಂದಳು. "ಏನ್ ಮಾಡಿದಿ ಅಣ್ಣಾ! ಅವ್ರು ಒಯ್ಲಿ ಅಂತ ನಾನ ಹೊರಗ ಇಟ್ಟಿದ್ದೆ. ಕಾಮನ್ನ ಸುಡಾಕ ಕದ್ದ ಕಟ್ಟಿಗೀನ ಬೇಕು. ಹೋದ ವರ್ಷ ಮನಿಯವ್ರು ತೀರಿದ್ರು ಅಂತ ಯಾರೂ ಇತ್ತಾಗ ಬರಲಿಲ್ಲ. ಈ ವರ್ಷ ಬಂದ್ರ ನೀ ಅಟ್ಟಿಬಿಟ್ಟಿ. ನಾಳೆ ಬಣ್ಣಕ್ಕ ನನ್ನ ಯಾರ್ ಕರೀತಾರ?"

ನನಗೆ ಅವಳ ಮುಖ ನೋಡಲಾಗಲಿಲ್ಲ. ಕುರ್ಚಿಯನ್ನು ಹೊತ್ತು, ಓಣಿಯವರು ಕಟ್ಟಿಗೆ ಒಟ್ಟಿದ್ದಲ್ಲಿಗೆ ಹೋಗಿ ಎಲ್ಲರೆದುರು ಕ್ಷಮೆ ಕೇಳಿದೆ.

ಆಟೋದವನು ನಕ್ಕ. "ಕೊಟ್ಟಿದ್ದು ಕಾಮಗ ನಡ್ಯಂಗಿಲ್ರಿ. ಹೊಳ್ಳಿ ಅಲ್ಲೇ ಇಟ್ಟು, ಗ್ವಾಡಿ ಕಡೆ ಮುಖ ಮಾಡಿ ಕುಂದ್ರಿ. ನಾವು ಬರ್ತೀವಿ."

ಕುರ್ಚಿಯನ್ನು ಮತ್ತೆ ಜಗಲಿಯ ಮೇಲಿಟ್ಟು, ಅದರ ಪಕ್ಕದಲ್ಲಿ ಗೋಡೆಯತ್ತ ತಿರುಗಿ ಕುಳಿತೆ. ಬೆನ್ನ ಹಿಂದೆ ಹೆಜ್ಜೆಯ ಸಪ್ಪಳವಾಯಿತು. "ಅಯ್ಯೋ, ಕಳ್ರು ಬಂದ್ರು!" ಎಂದು ತಂಗಿ ನಗುತ್ತ ಕೂಗಿದಳು.

ಶಾಲೆಯಲ್ಲಿ ಗೋಡೆಗೆ ಮುಖಮಾಡುವ ಶಿಕ್ಷೆಯನ್ನು ನಾನು ಅನೇಕರಿಗೆ ವಿಧಿಸಿದ್ದೇನೆ. ಅನುಭವಿಸಿದ್ದು ಅಂದೇ ಮೊದಲು.