ಸೋಮವಾರದ ಲೀಗ್ ಮ್ಯಾಚು

ಮೊನ್ನೆ ಸೋಮವಾರ ರೋಣದ ಬಯಲಿನಲ್ಲಿ ನಮ್ಮೂರ ಫುಟ್‌ಬಾಲ್ ತಂಡ ಗೆದ್ದಿತು. ಎದುರಿಗೆ ಯಾರೂ ಇರಲಿಲ್ಲ.

ನಗಬೇಡಿ. ರೆಫರಿ ಸೀಟಿ ಊದಿದರು. ನಮ್ಮವರು ಖಾಲಿ ಗೋಲಿನ ಕಡೆ ಮುಖ ಮಾಡಿ ನಿಂತರು. ಗಜೇಂದ್ರಗಡದವರು ಬಂದಿಲ್ಲವೆಂದು ಲೀಗ್ ಕಮಿಟಿಯ ಅಧ್ಯಕ್ಷರು ಗೆಲುವಿನ ಪಾಯಿಂಟುಗಳನ್ನು ರೋಣಕ್ಕೆ ಕೊಟ್ಟುಬಿಟ್ಟರು. ಜನ ಚಪ್ಪಾಳೆ ಬೇರೆ ತಟ್ಟಿದರು! ಯಾವ ಪರಾಕ್ರಮಕ್ಕೆ?

ನಮ್ಮ ಲೀಗಿನ ಕಥೆ ನಿಮಗೆ ಗೊತ್ತೇ ಇದೆ (ಗೊತ್ತಿಲ್ಲದವರಿಗೆ ಎರಡು ಮಾತು). ರೋಣ, ನರಗುಂದ, ಗಜೇಂದ್ರಗಡ, ಹೀಗೆ ಮೂರು ತಂಡ. ಪ್ರತಿಯೊಬ್ಬರೂ ಉಳಿದಿಬ್ಬರ ಜೊತೆ ಒಮ್ಮೆ ತಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ ಆಡಬೇಕು. ಕುಸ್ತಿಯ ಹಾಗೆ ಒಮ್ಮೆ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು ಎಂದಿಲ್ಲ. ಹೆಚ್ಚು ಪಾಯಿಂಟು ಗಳಿಸಿದವರು ಧಾರವಾಡಕ್ಕೆ ಆಡಲು ಹೋಗುತ್ತಾರೆ. ಈ ಕೊನೆಯ ಮ್ಯಾಚಿಗೆ ಮೊದಲು ನಾವೂ ಗಜೇಂದ್ರಗಡವೂ ಸರಿಸಮ. ಗೆದ್ದವರಿಗೆ ಧಾರವಾಡ, ಸೋತವರಿಗೆ ಮನೆ.

ಇಂಥ ಮ್ಯಾಚನ್ನು ಕಮಿಟಿ ಇಟ್ಟದ್ದು ಸೋಮವಾರ. ಯಾಕೆ? ಸೋಮವಾರ ಬಸವಣ್ಣನ, ಅಂದರೆ ಎತ್ತಿನ, ವಾರ. ನಮ್ಮ ಸೀಮೆಯಲ್ಲಿ ಯಾರೂ ಎತ್ತು ಹೂಡುವುದಿಲ್ಲ. ರೈತರಿಗೆ ಬಿಡುವು. ಯಾವಗಲ್ಲು, ಮೆಣಸಗಿಯಂಥ ಹಳ್ಳಿಗಳಿಂದ ನಡೆದಾದರೂ ಜನ ಬರುತ್ತಾರೆ, ಬಯಲು ತುಂಬುತ್ತದೆ. ಬುದ್ಧಿವಂತಿಕೆ ನೋಡಿ! ನೋಡುವವರ ಅನುಕೂಲ ನೆನಪಾಯಿತು. ಆಡುವವರು ಗಜೇಂದ್ರಗಡದಷ್ಟು ದೂರದಿಂದ ಹೇಗೆ ಬರಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ತಂಡಗಳು ಓಡಾಡುವುದೇ ಎತ್ತಿನ ಚಕ್ಕಡಿಯಲ್ಲಿ (ನಮ್ಮ ಬಸ್ಸನ್ನು ನಂಬಿದವರುಂಟೆ?). ಸೋಮವಾರ ಚಕ್ಕಡಿ ಹೂಡುವವರು ಯಾರು?

ಜನ ಚದುರುವ ಹೊತ್ತಿಗೆ ಗಜೇಂದ್ರಗಡದವರು ಬಂದರು. ನಡೆದುಕೊಂಡು! ನಸುಕಿನಲ್ಲೇ ಊರು ಬಿಟ್ಟವರು. ಕೈಮಗ್ಗದಲ್ಲಿ ಸೀರೆ ನೇಯುವ ಮಂದಿ, ಬರಿಗಾಲಲ್ಲೇ ಆಡುವವರು. ಒಬ್ಬನ ಅಂಗಾಲು ನೋಡಲಾಗದಷ್ಟು ಒಡೆದಿತ್ತು.

“ಬಸ್ ಕೆಟ್ಟ ನಿಂತೈತ್ರಿ. ಚಕ್ಕಡಿ ಯಾರೂ ಹೂಡವಲ್ರು. ಇನ್ನೂ ಬೆಳಕ ಐತಿ, ಈಗರೆ ಆಡಸ್ರಿ,” ಎಂದ ಅವರ ಕ್ಯಾಪ್ಟನ್ ಈರಣ್ಣ.

“ನಿನ್ನೆನ ಬಂದು ರಾತ್ರಿ ವಸ್ತಿ ಮಾಡಬೇಕಿತ್ತಪಾ,” ಎಂದರು ಅಧ್ಯಕ್ಷರು.

“ಎರಡೆರಡ ದಿನ ಮಗ್ಗ ನಿಂತ್ರ ಮನ್ಯಾಗ ಒಲಿ ಹ್ಯಾಂಗ ಹತ್ತಬೇಕ್ರಿ ಯಜಮಾನ್ರ?”

“ರೂಲ್ ಅಂದ್ರ ರೂಲ್.”

ನನಗೆ ತಡೆಯಲಾಗಲಿಲ್ಲ. ನಡುವೆ ಬಾಯಿ ಹಾಕಿದೆ. “ಸಾಹೇಬ್ರ, ಇವತ್ತ ನಿಮ್ಮ ಎತ್ತ ಎಲ್ಲಿ ಅದಾವ್ರಿ?”

“ಕೊಟ್ಟಿಗ್ಯಾಗ. ಸೋಮವಾರ ಅಲ್ಲೇನು?” ಎಂದರು, ಒಂದು ಚೂರೂ ಅಳುಕದೆ.

ಇಂಗ್ಲೆಂಡಿನ ದೊಡ್ಡ ತಂಡಗಳ ಲೀಗು ಹುಟ್ಟಿದ್ದು ಯಾಕೆಂದು ಈ ಮಹಾಶಯರಿಗೆ ಗೊತ್ತೆ? ಮೊದಲು ಅಲ್ಲಿಯೂ ಮ್ಯಾಚು ಗೊತ್ತುಮಾಡಿದರೆ ಎದುರಿನವರು ಬರುತ್ತಿರಲಿಲ್ಲವಂತೆ. ಜನ ಕಾದು ಕಾದು, ಬೈದು ಮನೆಗೆ ಹೋಗುತ್ತಿದ್ದರಂತೆ. ಬೇಸತ್ತು ಕೆಲವು ತಂಡದವರು ಒಟ್ಟಿಗೆ ಕೂತು, ಯಾರು ಯಾವಾಗ ಎಲ್ಲಿ ಆಡಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡರು. ಗಿರಣಿ ಕೆಲಸಗಾರರಿಗೆ ಶನಿವಾರ ಮಧ್ಯಾಹ್ನ ಸೂಟಿ, ಆಟವೂ ಶನಿವಾರ ಮಧ್ಯಾಹ್ನ. ಎರಡೂ ತಂಡ ಬರಲೇಬೇಕೆಂದು ಹುಟ್ಟಿದ ಏರ್ಪಾಟು ಅದು. ನಾವು ಅದನ್ನೇ ಒಂದು ತಂಡ ಬಾರದ ಹಾಗೆ ನಡೆಸಿ ತೋರಿಸಿದೆವು! ಇಡೀ ಭಾರತಕ್ಕೆ ಒಂದು ಲೀಗು ಯಾವಾಗ ಎಂದು ನಮ್ಮ ವಾಚನಾಲಯದಲ್ಲಿ ದಿನಾ ವಾದ ನಡೆಯುತ್ತದೆ. ಮೂರು ಊರಿನದನ್ನು ನೆಟ್ಟಗೆ ನಡೆಸಲಾಗದವರಿಗೆ ದೇಶದ ಉಸಾಬರಿ ಯಾಕೆ?

ಅಷ್ಟು ದೂರ ಬಂದದ್ದಕ್ಕೆ ಈರಣ್ಣನ ಕಡೆಯವರು ತಮ್ಮತಮ್ಮಲ್ಲೇ ಸ್ವಲ್ಪ ಹೊತ್ತು ಚೆಂಡು ಒದ್ದರು. ನೋಡುವವರು ಯಾರೂ ಉಳಿದಿರಲಿಲ್ಲ. ನಾನೂ ರೋಣದವನೇ, ಆದರೆ ಈ ಗೆಲುವು ನನಗೆ ಬೇಡ.

ಇನ್ನು ನಿನ್ನೆಯ ಸುದ್ದಿ. ಧಾರವಾಡದಲ್ಲಿ ನಮ್ಮ ಮ್ಯಾಚು ಮಂಗಳವಾರಕ್ಕೆ ನಿಗದಿಯಾಗಿತ್ತು. ರೈಲು ಹಿಡಿಯಲು ಗದಗಿಗೆ ಸೋಮವಾರವೇ ಚಕ್ಕಡಿ ಹೂಡಬೇಕಿತ್ತು. ನಮ್ಮ ಅಧ್ಯಕ್ಷರು ದಿನ ಬದಲಿಸಿರೆಂದು ಧಾರವಾಡಕ್ಕೆ ಹೇಳಿಕಳಿಸಿದ್ದಾರೆ. “ಸೋಮವಾರ ನಮ್ಮ ಕಡೆ ಎತ್ತ ಹೂಡಂಗಿಲ್ರಿ” ಎಂದು. ಅವರು ಒಪ್ಪಿಯೂ ಬಿಟ್ಟರಂತೆ.

ಈರಣ್ಣನಿಗೆ ಈ ಸುದ್ದಿಯನ್ನು ಯಾರು ಹೇಳುತ್ತೀರಿ?